ಪಥ್ಯಕ್ಕೂ ಒಂದು ಡೋಸ್ ಇದೆ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪುತ್ತೂರಿನ ಚಿಕ್ಕಮ್ಮ ಹತ್ತು ದಿನ ಒಂದು ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ವಯಸ್ಸು ಅರವತ್ತೊಂದು, ಸಕ್ಕರೆ ಕಾಯಿಲೆ ಶುರುವಾಗಿ ಒಂಬತ್ತು ವರ್ಷ. ಹೋಗುವಾಗ ಖಾಲಿ ಹೊಟ್ಟೆಯ ಸಕ್ಕರೆ 190ರ ಮೇಲಿತ್ತು, ಬರುವಾಗ 112. ಮುಖಕ್ಕೆ ಕಳೆ ಬಂದಿತ್ತು, ಮೊಣಕಾಲಿನ ನೋವು ಇಳಿದಿತ್ತು. "ಇಷ್ಟು ವರ್ಷ ಮಾತ್ರೆ ನುಂಗಿ ಆಗದ್ದು ಹತ್ತೇ ದಿನದಲ್ಲಿ ಆಯ್ತು ನೋಡು" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಬೆಳಗ್ಗೆ ಬೂದುಗುಂಬಳದ ರಸ, ಹನ್ನೆರಡಕ್ಕೆ ಹಸಿ ತರಕಾರಿ, ಸಂಜೆ ಒಂದು ಪಪ್ಪಾಯಿ ಹೋಳು. ಅಲ್ಲಿ ಕಲಿತದ್ದನ್ನು ಮನೆಯಲ್ಲೂ ನಿಷ್ಠೆಯಿಂದ ಮುಂದುವರಿಸಿದ್ದರು.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಈಳಿಗೆ ಮಣೆಯ ಮುಂದೆ ಕೂತು ತೆಂಗಿನಕಾಯಿ ತುರಿಯುತ್ತಿದ್ದವರ ಕೈ ನಡುಗತೊಡಗಿತು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. "ಯಾಕೋ ಕಣ್ಣಿಗೆ ಕತ್ತಲೆ ಬಂದ ಹಾಗಾಗ್ತಿದೆ" ಎಂದರು, ಮಾತು ತೊದಲುತ್ತಿತ್ತು. ಗ್ಲುಕೋಮೀಟರ್ ಮನೆಯಲ್ಲೇ ಇತ್ತು. ಬೆರಳು ಚುಚ್ಚಿ ನೋಡಿದರೆ 46. ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ 92 ಬಂತು. ಆಮೇಲೆ ಎರಡು ತುತ್ತು ಮೊಸರನ್ನ ತಿಂದರು. ಜೀವಕ್ಕೆ ಏನೂ ಆಗಲಿಲ್ಲ. ಅದೇ ರಾತ್ರಿ ಎರಡು ಗಂಟೆಗೆ, ನಿದ್ದೆಯಲ್ಲಿ, ಯಾರೂ ನೋಡದಾಗ ಆಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಈಗಲೂ ಧೈರ್ಯ ಬರುವುದಿಲ್ಲ.

ಆದದ್ದು ಇಷ್ಟು. ಆಸ್ಪತ್ರೆಯಲ್ಲಿದ್ದಾಗ ಅಲ್ಲಿನ ವೈದ್ಯರು ಅವರ ಗ್ಲಿಮೆಪಿರೈಡ್ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದರು. ಬಿಡುಗಡೆ ಚೀಟಿಯಲ್ಲಿ ಅದನ್ನು ಇಂಗ್ಲಿಷಿನಲ್ಲಿ ಬರೆದೂ ಇದ್ದರು. ಮನೆಯಲ್ಲಿ ಮಾತ್ರೆಯ ಡಬ್ಬದಲ್ಲಿದ್ದದ್ದು ಹಳೆಯ ಚೀಟಿ, ಹಳೆಯ ಸ್ಟ್ರಿಪ್. ಚಿಕ್ಕಮ್ಮ ಊಟವನ್ನು ಹೊಸ ಚೀಟಿಯಂತೆ ಮಾಡಿದರು, ಮಾತ್ರೆಯನ್ನು ಹಳೆಯ ಚೀಟಿಯಂತೆ ತೆಗೆದುಕೊಂಡರು. ಈ ಮಾತ್ರೆ ಊಟ ಮಾಡಿದ್ದೀರೋ ಇಲ್ಲವೋ ಎಂದು ನೋಡುವುದಿಲ್ಲ. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ತಳ್ಳುವುದಷ್ಟೇ ಅದರ ಕೆಲಸ. ಹೊಟ್ಟೆಯಲ್ಲಿ ಅನ್ನವಿಲ್ಲದಾಗಲೂ ಅದು ತನ್ನ ಕೆಲಸ ಮಾಡಿತು.

ಇದನ್ನು ಕೇಳಿದ ನೆಂಟರಲ್ಲಿ ಅರ್ಧ ಜನ "ಈ ಪ್ರಕೃತಿ ಚಿಕಿತ್ಸೆಯೆಲ್ಲ ಬೋಗಸ್" ಎಂದರು, ಇನ್ನರ್ಧ ಜನ "ಇಂಗ್ಲಿಷ್ ಮಾತ್ರೆಯೇ ವಿಷ, ಪೂರ್ತಿ ಬಿಡಬೇಕಿತ್ತು" ಎಂದರು. ಎರಡೂ ತಪ್ಪು ಎಂದು ನನಗೆ ಅಂದೇ ಅನಿಸಿತ್ತು, ಆಮೇಲೆ ಓದುತ್ತಾ ಹೋದಂತೆ ಗಟ್ಟಿಯಾಯಿತು. ಪಥ್ಯ ಕೆಲಸ ಮಾಡದೆ ಇದ್ದಿದ್ದರೆ ಚಿಕ್ಕಮ್ಮನ ಸಕ್ಕರೆ 46ಕ್ಕೆ ಇಳಿಯುತ್ತಲೇ ಇರಲಿಲ್ಲ. ಅದು ಎಷ್ಟು ಬಲವಾಗಿ ಕೆಲಸ ಮಾಡಿತೆಂದರೆ ನಿನ್ನೆಯವರೆಗೆ ಸರಿಯಾಗಿದ್ದ ಮಾತ್ರೆ ಇವತ್ತು ಹೆಚ್ಚಾಯಿತು. ಹಾಗಿರುವಾಗ "ಇದಕ್ಕೆ ಅಡ್ಡಪರಿಣಾಮವೇ ಇಲ್ಲ" ಎಂಬ ಮಾತು ಎಲ್ಲಿಂದ ಬಂತು? ಪರಿಣಾಮ ಇರುವುದಕ್ಕೆಲ್ಲ ಅಡ್ಡಪರಿಣಾಮವೂ ಇರುತ್ತದೆ. ನಮ್ಮ ಜನಕ್ಕೆ ಆಗುತ್ತಿರುವ ತೊಂದರೆಯ ಬಹುಪಾಲು ಈ ಒಂದು ಮಾತಿನಿಂದ ಶುರುವಾಗುತ್ತದೆ.

ಜರ್ಮನಿಯ ತೊಟ್ಟಿ, ಗಾಂಧೀಜಿಯ ಪ್ರಶ್ನೆ

ಪ್ರಕೃತಿ ಚಿಕಿತ್ಸೆ ಎಂದರೆ ಋಷಿಮುನಿಗಳ ಕಾಲದ್ದು ಎಂದುಕೊಂಡವರು ಬಹಳ. ಉಪವಾಸ, ಎಣ್ಣೆಸ್ನಾನ, ಪಥ್ಯ ನಮ್ಮಲ್ಲಿ ಮೊದಲಿನಿಂದಲೂ ಇವೆ, ನಿಜ. ಆದರೆ ಇಂದು ಆಸ್ಪತ್ರೆಗಳಲ್ಲಿ ಕಾಣುವ ಸೊಂಟದವರೆಗೆ ನೀರಿನಲ್ಲಿ ಕೂರುವ ಕಟಿಸ್ನಾನದ ತೊಟ್ಟಿ, ಮೈಗೆ ಒದ್ದೆ ಬಟ್ಟೆ ಸುತ್ತುವ ಕ್ರಮ, ಹೊಟ್ಟೆಯ ಮೇಲಿನ ಮಣ್ಣಿನ ಪಟ್ಟಿ, ಇವೆಲ್ಲ ಈಗಿನ ರೂಪ ಪಡೆದದ್ದು 19ನೇ ಶತಮಾನದ ಜರ್ಮನಿಯಲ್ಲಿ. ಬವೇರಿಯಾದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ ನೀರಿನ ಚಿಕಿತ್ಸೆಗೆ ಹೆಸರಾದರೆ, ಲೈಪ್‌ಜಿಗ್‌ನ ಲೂಯಿ ಕೂನೆ ತೊಟ್ಟಿ ಸ್ನಾನಕ್ಕೆ, ಅಡಾಲ್ಫ್ ಜಸ್ಟ್ ಮಣ್ಣಿಗೆ ಹೆಸರಾದರು. ಕೂನೆಯ ಪುಸ್ತಕ 1894ರಲ್ಲೇ ತೆಲುಗಿಗೆ ಬಂತು. ನಮ್ಮ ದೇಶದಲ್ಲಿ ಈ ಪದ್ಧತಿ ಬೇರೂರಿದ್ದು ಅಲ್ಲಿಂದೀಚೆಗೆ.

ಅದನ್ನು ಮನೆಮಾತಾಗಿಸಿದವರು ಗಾಂಧೀಜಿ. 1902ರಲ್ಲಿ ಮುಂಬೈಯಲ್ಲಿ ಅವರ ಎರಡನೆಯ ಮಗ, ಹತ್ತು ವರ್ಷದ ಮಣಿಲಾಲನಿಗೆ ವಿಷಮಶೀತ ಜ್ವರ ಬಂತು, ಜೊತೆಗೆ ನ್ಯುಮೋನಿಯಾ. ಪಾರ್ಸಿ ವೈದ್ಯರು ಮೊಟ್ಟೆ ಮತ್ತು ಕೋಳಿಸಾರು ಕೊಡಲು ಹೇಳಿದರು. ಗಾಂಧೀಜಿ ಒಪ್ಪಲಿಲ್ಲ. ಕೂನೆಯ ಕ್ರಮದಂತೆ ಕಟಿಸ್ನಾನ ಮಾಡಿಸಿದರು, ಕಿತ್ತಳೆ ರಸಕ್ಕೆ ನೀರು ಬೆರೆಸಿ ಕೊಟ್ಟರು. ಜ್ವರ 104 ಡಿಗ್ರಿಗೆ ಏರಿದ ಒಂದು ರಾತ್ರಿ ಮಗುವಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಕಂಬಳಿ ಹೊದಿಸಿ, ಎದೆ ಡವಗುಟ್ಟುತ್ತಾ ಚೌಪಾಟಿಯ ಕಡೆ ನಡೆಯಲು ಹೋದರು. ತಿರುಗಿ ಬರುವಾಗ ಹುಡುಗ ಬೆವೆತಿದ್ದ. ಜ್ವರ ಇಳಿಯತೊಡಗಿತ್ತು.

ಈ ಕಥೆಯನ್ನು ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಗಾಂಧೀಜಿ ನಿಲ್ಲಿಸಲಿಲ್ಲ. ಮಗ ಉಳಿದದ್ದು ದೇವರ ದಯೆಯಿಂದಲೋ, ನೀರಿನ ಚಿಕಿತ್ಸೆಯಿಂದಲೋ, ಪಥ್ಯ ಮತ್ತು ಆರೈಕೆಯಿಂದಲೋ ಯಾರು ಹೇಳಬಲ್ಲರು ಎಂದು ತಮ್ಮ ಆತ್ಮಕಥೆಯಲ್ಲಿ ಅವರೇ ಕೇಳಿಕೊಂಡಿದ್ದಾರೆ. ಇನ್ನೊಂದು ಸಂಗತಿಯೂ ಅಲ್ಲೇ ಇದೆ. ವೈದ್ಯರ ಆಹಾರದ ಸಲಹೆಯನ್ನು ನಿರಾಕರಿಸಿದರೂ, ನಾಡಿ, ಎದೆ ಪರೀಕ್ಷಿಸಲು ತನಗೆ ಬರುವುದಿಲ್ಲ, ಆಗಾಗ ಬಂದು ನೋಡಿ ಹೇಳಿ ಎಂದು ಅದೇ ವೈದ್ಯರನ್ನು ಕೇಳಿಕೊಂಡಿದ್ದರು. ಅಳೆದು ನೋಡುವವರನ್ನು ಮನೆಯಿಂದ ಹೊರಗೆ ಕಳಿಸಲಿಲ್ಲ. 1924ರ ಜನವರಿಯಲ್ಲಿ ಅಪೆಂಡಿಕ್ಸ್ ಬಾತಾಗ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಬ್ರಿಟಿಷ್ ಸರ್ಜನ್ ಕೈಯಲ್ಲಿ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡರು. 1945ರ ನವೆಂಬರ್ 18ರಂದು ಪ್ರಕೃತಿ ಚಿಕಿತ್ಸೆಗಾಗಿ ಒಂದು ಟ್ರಸ್ಟ್ ಪತ್ರಕ್ಕೆ ಸಹಿ ಹಾಕಿದವರೂ ಅವರೇ. ಆ ದಿನವನ್ನು 2018ರಿಂದ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ದಿನವಾಗಿ ಆಚರಿಸುತ್ತಿದ್ದೇವೆ.

ಈ ವಿಷಯದಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ತುಮಕೂರು ರಸ್ತೆಯ ಜಿಂದಾಲ್ ಸಂಸ್ಥೆ 1979ರದು. 1989ರಲ್ಲಿ ಉಜಿರೆಯಲ್ಲಿ ಶುರುವಾದ ಎಸ್‌ಡಿಎಂ ಕಾಲೇಜು ದೇಶದಲ್ಲೇ ಮೊದಲ ಬಾರಿಗೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದಲ್ಲಿ ಪದವಿ ಕೊಡತೊಡಗಿತು. ಧರ್ಮಸ್ಥಳದ ಶಾಂತಿವನ, ಉಡುಪಿ ಬಳಿ ಪರೀಕದ ಸೌಖ್ಯವನ, ಮೈಸೂರಿನ ಸರ್ಕಾರಿ ಕಾಲೇಜು ಹೀಗೆ ಪಟ್ಟಿ ಬೆಳೆಯುತ್ತದೆ. ಬಿಎನ್‌ವೈಎಸ್ ಎಂದು ಕರೆಯುವ ಈ ಕೋರ್ಸು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಂಗರಚನೆ, ಶರೀರಕ್ರಿಯೆ, ರೋಗಶಾಸ್ತ್ರ ಎಲ್ಲ ಓದಿ ಬಂದವರು ಅವರು. ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಇಟ್ಟುಕೊಂಡು ರೀಲ್ಸ್ ಮಾಡುವವರನ್ನೂ ಇವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ದೊಡ್ಡ ಅನ್ಯಾಯ.

ಹತ್ತು ದಿನದಲ್ಲಿ ನಡೆಯುವುದೇನು

ಚಿಕ್ಕಮ್ಮನ ಸಕ್ಕರೆ ಇಳಿದದ್ದು ಮಣ್ಣಿನ ಪಟ್ಟಿಯಿಂದಲೋ, ಎನಿಮಾದಿಂದಲೋ, ಬೂದುಗುಂಬಳದಿಂದಲೋ? ಮಣಿಲಾಲನ ಪ್ರಶ್ನೆಯೇ ಇದು. ಆದರೆ ಈ ಸಲ ಉತ್ತರದ ಹತ್ತಿರ ಹೋಗಲು ನಮ್ಮಲ್ಲಿ ಸಾಮಗ್ರಿ ಇದೆ.

2011ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ಅವರ ತಂಡ ಟೈಪ್ 2 ಮಧುಮೇಹವಿದ್ದ 11 ಜನರಿಗೆ ದಿನಕ್ಕೆ ಸುಮಾರು 600 ಕ್ಯಾಲರಿಯಷ್ಟೇ ಆಹಾರ ಕೊಟ್ಟಿತು. ಏಳೇ ದಿನದಲ್ಲಿ ಅವರ ಖಾಲಿ ಹೊಟ್ಟೆಯ ಸಕ್ಕರೆ ಸಹಜ ಮಟ್ಟಕ್ಕೆ ಬಂತು. ಮಣ್ಣಿಲ್ಲ, ತೊಟ್ಟಿಯಿಲ್ಲ, ಮಾಲೀಸು ಇಲ್ಲ. ಸ್ಕ್ಯಾನ್ ಮಾಡಿ ನೋಡಿದಾಗ ಮೊದಲ ವಾರದಲ್ಲೇ ಯಕೃತ್ತಿನ ಕೊಬ್ಬು ಮೂರನೆಯ ಒಂದು ಪಾಲಿನಷ್ಟು ಕರಗಿತ್ತು. ಲಿವರಿನಲ್ಲಿ ಕೊಬ್ಬು ತುಂಬಿದಾಗ ಅದು ಇನ್ಸುಲಿನ್ ಮಾತು ಕೇಳುವುದಿಲ್ಲ, ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ಸುರಿಯುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಏರುವುದು ಹೀಗೆ. ಕೊಬ್ಬು ಕರಗಿದರೆ ಮೊದಲು ಇಳಿಯುವುದೂ ಅದೇ. ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯಲ್ಲಿ ರಸ, ಹಣ್ಣು, ಸಪ್ಪೆ ತರಕಾರಿಯ ಮೇಲೆ ಹತ್ತು ದಿನ ಕಳೆದವರ ಸಕ್ಕರೆ ಇಳಿಯುವುದರಲ್ಲಿ ಪವಾಡವೂ ಇಲ್ಲ, ಮೋಸವೂ ಇಲ್ಲ.

ಬೂದುಗುಂಬಳದ ವಿಷಯಕ್ಕೆ ಬರೋಣ. ಅದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ. ಒಂದು ಲೋಟ ರಸ ನಿಮಗೆ ಕೊಡುವುದು ಬಹಳ ಕಡಿಮೆ. ಆದರೆ ಆ ಲೋಟ ಬಂದ ಜಾಗದಲ್ಲಿ ಮೊದಲು ಇದ್ದದ್ದು ಎರಡು ಚಮಚ ಸಕ್ಕರೆಯ ಕಾಫಿ, ಅದರ ಹಿಂದೆಯೇ ನಾಲ್ಕು ನೀರುದೋಸೆ. ರಸದ ಉಪಕಾರ ಅದು ತಪ್ಪಿಸಿದ್ದರಲ್ಲಿ ಇದೆ. "ವಿಷ ಹೊರಹಾಕುತ್ತದೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಕೆಲಸವನ್ನು ಯಕೃತ್ತು, ಮೂತ್ರಪಿಂಡ ಹಗಲಿರುಳು ಮಾಡುತ್ತಿವೆ. ಯಾವ ವಿಷ, ಎಷ್ಟು ಹೊರಗೆ ಹೋಯಿತು ಎಂದು ಅಳೆದು ತೋರಿಸಿದವರನ್ನು ನಾನು ಕಂಡಿಲ್ಲ. ಮಣ್ಣಿನ ಪಟ್ಟಿ ತಂಪು ಕೊಡುತ್ತದೆ, ಮಾಲೀಸು ಬೆನ್ನುನೋವಿಗೆ ಸ್ವಲ್ಪ ಕಾಲ ಆರಾಮ ಕೊಡುತ್ತದೆ, ಅಷ್ಟಕ್ಕೆ ಅವುಗಳ ಬೆಲೆ ಇದೆ. ಫೋನು ಬದಿಗಿಟ್ಟು ಒಂಬತ್ತು ಗಂಟೆಗೆ ಮಲಗುವುದಕ್ಕೂ, ಯಾರೋ ದಿನಾ ಬಂದು "ಹೇಗಿದ್ದೀರಿ ಅಮ್ಮಾ" ಎಂದು ಕೇಳುವುದಕ್ಕೂ ಬೆಲೆ ಇದೆ. ಚಿಕ್ಕಮ್ಮನಂಥವರು ಮೂವತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಹತ್ತು ದಿನ ಬೇರೆಯವರು ಬಡಿಸಿದ್ದನ್ನು ಉಂಡಿದ್ದರು. ಇದನ್ನು ನಾನು ಸಣ್ಣ ಸಂಗತಿ ಎಂದುಕೊಂಡಿಲ್ಲ.

ಟೇಲರ್ ಮತ್ತು ಗ್ಲಾಸ್ಗೋದ ಮೈಕ್ ಲೀನ್ ಮುಂದೆ 306 ಜನರ ಮೇಲೆ ದೊಡ್ಡ ಪ್ರಯೋಗ ಮಾಡಿದರು. ಮಧುಮೇಹ ಬಂದು ಆರು ವರ್ಷ ದಾಟದವರು, ಇನ್ಸುಲಿನ್ ಚುಚ್ಚಿಕೊಳ್ಳದವರು ಮಾತ್ರ ಅದರಲ್ಲಿದ್ದರು. ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲರಿಯ ಆಸುಪಾಸಿನ ಆಹಾರ, ಆಮೇಲೆ ನಿಧಾನವಾಗಿ ಮಾಮೂಲಿ ಊಟ. ಒಂದು ವರ್ಷದ ಕೊನೆಗೆ ಪಥ್ಯದ ಗುಂಪಿನಲ್ಲಿ ಶೇ 46ರಷ್ಟು ಜನ ಮಾತ್ರೆಯಿಲ್ಲದೆ ಮಧುಮೇಹದ ಗಡಿಯಿಂದ ಹೊರಗಿದ್ದರು. 15 ಕಿಲೋ ಅಥವಾ ಹೆಚ್ಚು ತೂಕ ಇಳಿಸಿದವರಲ್ಲಂತೂ ಶೇ 86. ಎರಡನೆಯ ವರ್ಷಕ್ಕೆ ಒಟ್ಟು ಪ್ರಮಾಣ ಶೇ 36ಕ್ಕೆ ಇಳಿಯಿತು, ಏಕೆಂದರೆ ತೂಕ ಮರಳಿ ಬಂತು. ಸಕ್ಕರೆ ಕಾಯಿಲೆ "ಹಿಂದಕ್ಕೆ ಹೋಗುತ್ತದೆ" ಎಂಬುದು ಸುಳ್ಳಲ್ಲ. ಹೊಸ ಕಾಯಿಲೆಯಲ್ಲಿ, ತೂಕ ಇಳಿದರೆ, ಇಳಿದದ್ದು ಇಳಿದಂತೆಯೇ ಉಳಿದರೆ. ಆ ಪ್ರಯೋಗದಲ್ಲಿ ಮಧುಮೇಹ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಪಥ್ಯದ ಮೊದಲ ದಿನವೇ ನಿಲ್ಲಿಸಿದ್ದರು. ನಿಲ್ಲಿಸಿದ್ದು ವೈದ್ಯರು, ಆಮೇಲೆ ಅಳೆಯುತ್ತಾ ಹೋದದ್ದೂ ಅವರೇ. ನಮ್ಮಲ್ಲಿ ತಪ್ಪುವ ಕೊಂಡಿ ಇದೇ.

ಹತ್ತನೆಯ ದಿನದ ರಿಪೋರ್ಟು ಹಿಡಿದು ಸಂಭ್ರಮಿಸುವವರಿಗೆ ಒಂದು ಮಾತು. ಅಂದಿನ ಸಕ್ಕರೆ ಹಿಂದಿನ ಕೆಲವು ದಿನಗಳ ಊಟದ ಕಥೆ ಹೇಳುತ್ತದೆ, ಅಷ್ಟೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಆಸ್ಪತ್ರೆಯಿಂದ ಬಂದು ಮೂರು ತಿಂಗಳಾದ ಮೇಲೆ ಅದನ್ನು ಮಾಡಿಸಿ ನೋಡಿದರೆ ಮನೆಯಲ್ಲಿ ಏನು ಉಳಿದಿದೆ ಎಂದು ಗೊತ್ತಾಗುತ್ತದೆ.

ಪಥ್ಯ ಒಂದೇ ಸಾಕಾಗದ ಜಾಗ

ಆಹಾರದಿಂದಲೇ ಎಲ್ಲ ಕಾಯಿಲೆ ಗುಣವಾಗುತ್ತದೆ, ಅಲೋಪತಿಯವರು ಅದನ್ನು ಪ್ರಯತ್ನಿಸಿಯೇ ಇಲ್ಲ ಎನ್ನುವವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. ನೂರು ವರ್ಷಕ್ಕೂ ಹಿಂದೆ, ಇನ್ಸುಲಿನ್ ಬರುವ ಮೊದಲು, ಸಕ್ಕರೆ ಕಾಯಿಲೆಗೆ ಔಷಧಿ ಇರಲಿಲ್ಲ, ಪಥ್ಯ ಮಾತ್ರ ಇತ್ತು. ಅಮೆರಿಕದ ಫ್ರೆಡರಿಕ್ ಆಲೆನ್ ಎಂಬ ವೈದ್ಯರು 1910ರ ದಶಕದಲ್ಲಿ ಅದನ್ನು ಕಟ್ಟುನಿಟ್ಟಾಗಿ ರೂಪಿಸಿದರು. ಮೂತ್ರದಲ್ಲಿ ಸಕ್ಕರೆ ಕಾಣದಾಗುವವರೆಗೆ ಉಪವಾಸ, ಆಮೇಲೆ ಜೀವ ಹಿಡಿಯುವಷ್ಟು ಆಹಾರ. ದೊಡ್ಡವರಲ್ಲಿ ಕೆಲವರಿಗೆ ಅದರಿಂದ ಉಪಯೋಗವಾಯಿತು. ಇಂದು ಟೈಪ್ 1 ಎನ್ನುವ, ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಮಕ್ಕಳು ಎಲುಬಿನ ಹಂದರವಾದರು. ಕೆಲವು ತಿಂಗಳೋ, ಒಂದೆರಡು ವರ್ಷವೋ ಹೆಚ್ಚು ಬದುಕಿ, ಹಸಿವಿನಲ್ಲೇ ತೀರಿಕೊಂಡರು. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದಾಗ ಅವನಿಗೆ ಹದಿನಾಲ್ಕು ವರ್ಷ, ತೂಕ ಮೂವತ್ತು ಕಿಲೋ ಕೂಡ ಇರಲಿಲ್ಲ. ಪಥ್ಯ ಒಂದನ್ನೇ ನಂಬಿದ ಚಿಕಿತ್ಸೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ. ಆದುದರಿಂದ ಟೈಪ್ 1 ಇರುವ ಮಗುವಿನ ಇನ್ಸುಲಿನ್ ನಿಲ್ಲಿಸಲು ಯಾರೇ ಹೇಳಲಿ, ಎಷ್ಟೇ ಸಾತ್ವಿಕವಾಗಿ ಹೇಳಲಿ, ಆ ಮಾತು ಆ ಮಗುವಿನ ಜೀವ ತೆಗೆಯುತ್ತದೆ. ಇಲ್ಲಿ ನಾನು ಮೆತ್ತಗೆ ಬರೆಯಲಾರೆ.

ಕ್ಯಾನ್ಸರ್‌ನದ್ದೂ ಅಷ್ಟೇ ಗಂಭೀರ. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಅಂಗಗಳಿಗೆ ಹರಡದ, ಚಿಕಿತ್ಸೆಗೆ ಬಗ್ಗಬಹುದಾದ ಕ್ಯಾನ್ಸರ್ ಇದ್ದವರ ದಾಖಲೆಗಳನ್ನು ನೋಡಿದರು. ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡವರಲ್ಲಿ ಸಾವಿನ ಅಪಾಯ ಉಳಿದವರಿಗಿಂತ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮೇಲೆ. ಕೀಮೋ ನಡುವೆ ಬಾಯಿ ರುಚಿ ಕೆಟ್ಟವರಿಗೆ ಏನು ತಿನ್ನಿಸಬೇಕು, ತೂಕ ಹೇಗೆ ಉಳಿಸಬೇಕು ಎಂದು ಹೇಳುವ ಆಹಾರ ತಜ್ಞರು ದೇವರಂಥವರು. ಕೀಮೋ ಬದಲಿಗೆ ರಸ ಕುಡಿಯಿರಿ ಎನ್ನುವವರು ಅಲ್ಲ.

ರಸಗಳ ವಿಷಯ ಬಂದದ್ದರಿಂದ ನಮ್ಮ ಹಿತ್ತಲಿಗೇ ಹೋಗೋಣ. ಕರಾವಳಿಯ ಮನೆಗಳ ಹಿಂದೆ ಬಿಂಬುಳಿ ಮರ ಸಾಮಾನ್ಯ. ಮೀನಿನ ಸಾರಿಗೆ, ಉಪ್ಪಿನಕಾಯಿಗೆ ನಾಲ್ಕು ಹಾಕಿದರೆ ಏನೂ ಆಗುವುದಿಲ್ಲ. ಕೇರಳದಲ್ಲಿ ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ರಸವನ್ನೇ ಕುಡಿದ ಹತ್ತು ಜನರ ಮೂತ್ರಪಿಂಡ ಏಕಾಏಕಿ ಕೆಟ್ಟ ವರದಿ 2013ರಲ್ಲಿ ಪ್ರಕಟವಾಯಿತು. ಏಳು ಜನಕ್ಕೆ ಡಯಾಲಿಸಿಸ್ ಬೇಕಾಯಿತು. ಕಾರಣ ಬಿಂಬುಳಿಯಲ್ಲಿ ತುಂಬಿರುವ ಆಕ್ಸಲೇಟ್. ಹರಳಾಗಿ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಕೂರುತ್ತದೆ. ದಾರೆಹುಳಿಯಂತೂ (ಸ್ಟಾರ್ ಫ್ರೂಟ್) ಮೂತ್ರಪಿಂಡ ಸೋತವರಿಗೆ ನಿಲ್ಲದ ಬಿಕ್ಕಳಿಕೆ, ಬುದ್ಧಿಭ್ರಮಣೆ ತರುತ್ತದೆ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿಯಾಗಿದ್ದ ಸೋರೆಕಾಯಿ ರಸ ಕುಡಿದು ತೀರಿಕೊಂಡ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಮಿತಿ ರಚಿಸಿ, ಕಹಿ ಇದ್ದರೆ ಕುಡಿಯಲೇಬೇಡಿ ಎಂದು ಎಚ್ಚರಿಸಿತು. ನಮ್ಮ ಅಜ್ಜಿಯಂದಿರು ಸೋರೆಕಾಯಿ ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗಿಟ್ಟು ನೋಡುತ್ತಿದ್ದದ್ದು ಸುಮ್ಮನೆ ಅಲ್ಲ. ಪಲ್ಯದಲ್ಲಿ ಕಹಿಯಾದರೆ ತಟ್ಟೆ ಬದಿಗಿಡುತ್ತೇವೆ, ರಸದಲ್ಲಾದರೆ "ಕಹಿಯಿದ್ದಷ್ಟು ಒಳ್ಳೆಯದು" ಎಂದು ಮೂಗು ಹಿಡಿದು ನುಂಗುತ್ತೇವೆ.

ಎಳನೀರು ಕೂಡ ಎಲ್ಲರಿಗೂ ಅಮೃತವಲ್ಲ. ಅದರಲ್ಲಿ ಪೊಟ್ಯಾಸಿಯಂ ಹೇರಳ. ಮೂತ್ರಪಿಂಡ ದುರ್ಬಲವಾಗಿದ್ದವರಿಗೆ, ರಕ್ತದೊತ್ತಡಕ್ಕೆ ಪೊಟ್ಯಾಸಿಯಂ ಏರಿಸುವ ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ದಿನಕ್ಕೆರಡು ಎಳನೀರು ಹೃದಯದ ಬಡಿತವನ್ನೇ ತಪ್ಪಿಸಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ದಿನಾ ಸೊಪ್ಪಿನ ರಸ ಕುಡಿಯತೊಡಗಿದರೆ, ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಬಲ ಕುಗ್ಗಿಸುತ್ತದೆ. ಮಧುಮೇಹಕ್ಕೆ ಈಗ ಬಹಳ ಬರೆಯುವ ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯ ಮೇಲೆ ದೀರ್ಘ ಉಪವಾಸ ಮಾಡಿದರೆ, ಸಕ್ಕರೆ ಹೆಚ್ಚೇನೂ ಇಲ್ಲದೆಯೇ ರಕ್ತ ಆಮ್ಲವಾಗುವ ಅಪಾಯವಿದೆ. ವಾಂತಿ, ಹೊಟ್ಟೆನೋವು, ಏದುಸಿರು ಅದರ ಗುರುತು. ಇಂಥ ಹೊತ್ತಿನಲ್ಲಿ "ಒಳಗಿನ ಕಲ್ಮಶ ಹೊರಗೆ ಬರುತ್ತಿದೆ, ಹೆದರಬೇಡಿ, ತಡೆದುಕೊಳ್ಳಿ" ಎಂಬ ಸಮಾಧಾನ ಸಿಗುತ್ತದೆ. ಪ್ರಕೃತಿ ಚಿಕಿತ್ಸೆಯ ಹಳೆಯ ಸಿದ್ಧಾಂತದಲ್ಲಿರುವ ಈ ಒಂದು ಮಾತನ್ನು ಆ ಪದ್ಧತಿಯ ಒಳಗಿನವರೇ ಕೈಬಿಡಬೇಕು ಎಂದು ನಾನು ಕೈಮುಗಿದು ಕೇಳುತ್ತೇನೆ. ಕೆಟ್ಟದ್ದಾದಾಗ ಅದನ್ನೂ ಗುಣವಾಗುವ ಲಕ್ಷಣ ಎಂದುಬಿಟ್ಟರೆ, ರೋಗಿ ಸಹಾಯ ಕೇಳುವುದು ಯಾವಾಗ?

ಬೋರ್ಡಿನ ಹಿಂದೆ ಯಾರಿದ್ದಾರೆ

ಕಾನೂನು ಇಲ್ಲಿ ಹರುಕು ಚಾಪೆ. 2020ರ ಭಾರತೀಯ ವೈದ್ಯ ಪದ್ಧತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯೊಳಗೆ ಆಯುರ್ವೇದ, ಯುನಾನಿ, ಸಿದ್ಧ, ಟಿಬೆಟಿನ ವೈದ್ಯವಾದ ಸೋವಾ ರಿಗ್ಪಾ ಬಂದವು. ಯೋಗ ಮತ್ತು ಪ್ರಕೃತಿ ಚಿಕಿತ್ಸೆ ಹೊರಗೆ ಉಳಿದವು. ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯಡಿ ಪ್ರಕೃತಿ ಚಿಕಿತ್ಸಕರ ನೋಂದಣಿಗೆ ಅವಕಾಶವಿದೆ, ಖಾಸಗಿ ಆಸ್ಪತ್ರೆಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ನೋಂದಣಿ ಬೇಕು. ಆದ್ದರಿಂದ ಸೇರುವ ಮೊದಲು ಅಲ್ಲಿನ ವೈದ್ಯರ ನೋಂದಣಿ ಸಂಖ್ಯೆ ಕೇಳುವುದು ಮರ್ಯಾದೆಗೇಡಲ್ಲ, ನಿಮ್ಮ ಹಕ್ಕು. ಒಳ್ಳೆಯ ಆಸ್ಪತ್ರೆಗಳು ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನು ಮೊದಲ ದಿನವೇ ಕೇಳುತ್ತವೆ. ಕೇಳದಿದ್ದರೆ ಅಲ್ಲಿಂದ ಎದ್ದು ಬರುವುದು ಲೇಸು.

ಪೋಷಣಾ ಚಿಕಿತ್ಸೆಯ ಕಡೆ ಇನ್ನೂ ಗೊಂದಲ. 'ನ್ಯೂಟ್ರಿಷನಿಸ್ಟ್' ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಂಡದ್ದೇ ಹೆಚ್ಚು. 2021ರ ಆರೋಗ್ಯ ವೃತ್ತಿಪರರ ಕಾಯ್ದೆ ಡಯಟಿಷಿಯನ್, ನ್ಯೂಟ್ರಿಷನಿಸ್ಟ್‌ಗಳನ್ನು ತನ್ನ ಪಟ್ಟಿಯೊಳಗೆ ತಂದಿರುವುದು ಒಳ್ಳೆಯ ಹೆಜ್ಜೆ. ಊರೂರಲ್ಲಿ ಬೆಳಗ್ಗೆ ಶೇಕ್ ಕುಡಿಸಿ ಪುಡಿ ಡಬ್ಬ ಮಾರುವ ಕೂಟಗಳಿವೆಯಲ್ಲ, ಅಲ್ಲಿ ಸಲಹೆ ಕೊಡುವವರ ಆದಾಯ ನೀವು ಕೊಳ್ಳುವ ಡಬ್ಬದಿಂದಲೇ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಆಹಾರ ಪದಾರ್ಥವು ರೋಗ ವಾಸಿ ಮಾಡುತ್ತದೆಂದು ಜಾಹೀರಾತು ಮಾಡುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ನಿಯಮಗಳು ನಿಷೇಧಿಸುತ್ತವೆ. ಮಧುಮೇಹ, ಕ್ಯಾನ್ಸರ್ ಗುಣಪಡಿಸುವ ಔಷಧಿ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯಿಂದಲೇ ಅಪರಾಧ. ಆದರೂ ಫೋನು ತೆರೆದರೆ ಕಾಣುವುದೇನು ಎಂದು ನಿಮಗೇ ಗೊತ್ತು.

ಜನ ಅತ್ತ ಹೋಗುವುದಕ್ಕೆ ಅಲೋಪತಿಯ ಹೊಣೆಯೂ ಇದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ ದೇಶದ ರೋಗಭಾರದ ಶೇ 56.4ರಷ್ಟಕ್ಕೆ ಸರಿಯಿಲ್ಲದ ಆಹಾರವೇ ಕಾರಣ ಎಂದು ಅಂದಾಜಿಸಿದೆ. ಇಷ್ಟಿದ್ದೂ ನಮ್ಮ ಕ್ಲಿನಿಕ್ಕಿನಲ್ಲಿ ಐದು ನಿಮಿಷದ ಭೇಟಿಯಲ್ಲಿ ಊಟದ ಮಾತು "ಸಿಹಿ ಬಿಡಿ, ವಾಕಿಂಗ್ ಮಾಡಿ" ಎಂಬಲ್ಲಿಗೆ ಮುಗಿಯುತ್ತದೆ. ಕೆಲವು ಕಡೆ ಜೆರಾಕ್ಸ್ ಮಾಡಿದ ಡಯಟ್ ಚಾರ್ಟ್ ಸಿಗುತ್ತದೆ: ಓಟ್ಸ್, ಬ್ರೌನ್ ಬ್ರೆಡ್, ಬ್ರೊಕೊಲಿ. ಮುದ್ದೆ ಉಣ್ಣುವ ಮಂಡ್ಯದವರಿಗೂ ಅದೇ, ಕುಚಲಕ್ಕಿ ಗಂಜಿಯ ಬಂಟ್ವಾಳದವರಿಗೂ ಅದೇ, ಜೋಳದ ರೊಟ್ಟಿಯ ಗದಗಿನವರಿಗೂ ಅದೇ. ಆ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಹಳದಿಯಾಗುತ್ತದೆ.

ಆ ಮಾರ್ಗಸೂಚಿಯ ತಟ್ಟೆಯನ್ನು ನಮ್ಮ ಅಡುಗೆಮನೆಗೆ ತಂದರೆ ಅದು ಅಷ್ಟೇನೂ ದೂರದ್ದಲ್ಲ. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಅರ್ಧಕ್ಕಿಂತ ಕಡಿಮೆ ಇರಬೇಕು, ಬೇಳೆಕಾಳಿನ ಪಾಲು ಈಗಿರುವುದಕ್ಕಿಂತ ಏರಬೇಕು, ತರಕಾರಿ ಸೊಪ್ಪು ಸೇರಿ 400 ಗ್ರಾಂ. ಅಂದರೆ ಅನ್ನದ ಗುಡ್ಡೆ ಚಿಕ್ಕದಾಗಿ, ಪಲ್ಯ ದೊಡ್ಡದಾಗಬೇಕು, ಸಾರಿನ ನೀರು ಕಡಿಮೆಯಾಗಿ ಬೇಳೆ ಹೆಚ್ಚಬೇಕು. ಹುರುಳಿ, ಹೆಸರು, ಅಲಸಂದೆ, ಬಸ್ಸಾರು, ಉಪ್ಸಾರು ಎಲ್ಲ ಇಲ್ಲಿಗೆ ಸರಿಹೊಂದುತ್ತವೆ. ರಾಗಿಯ ವಿಷಯದಲ್ಲಿ ಒಂದು ಎಚ್ಚರ: ಸುಣ್ಣದಂಶಕ್ಕೆ ಅದು ನಿಜಕ್ಕೂ ಶ್ರೇಷ್ಠ, ಆದರೆ ನುಣ್ಣಗೆ ಬೀಸಿ ಗಂಜಿ ಮಾಡಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ಥೈರಾಯ್ಡ್ ಮಾತ್ರೆಯ ಹಿಂದೆಯೇ ರಾಗಿ ಗಂಜಿಯನ್ನೋ ಕಾಫಿಯನ್ನೋ ಕುಡಿದರೆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು.

'ಮದ್ದು ಪಥ್ಯ' ಎಂದು ಜೋಡಿಯಾಗಿಯೇ ಹೇಳುವ ಭಾಷೆ ನಮ್ಮದು. ಹಳ್ಳಿಯ ಪಂಡಿತರು ಮದ್ದು ಕೊಡುವಾಗ ಪಥ್ಯವನ್ನೂ ಹೇಳುತ್ತಿದ್ದರು, ಎಷ್ಟು ದಿನ, ಏನು ವರ್ಜ್ಯ, ಯಾವಾಗ ಬಿಡಬೇಕು ಎಂದು ಸೇರಿಸಿ. ಮದ್ದು ಬದಲಾದರೆ ಪಥ್ಯವೂ ಬದಲಾಗುತ್ತಿತ್ತು. ಈಗ ಮದ್ದು ಒಬ್ಬರ ಕೈಯಲ್ಲಿ, ಪಥ್ಯ ಇನ್ನೊಬ್ಬರ ಕೈಯಲ್ಲಿ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ನಡುವೆ ಇರುವವರು ಇಂಗ್ಲಿಷ್ ಚೀಟಿ ಓದಲಾರದ ಚಿಕ್ಕಮ್ಮ.

ಆ ದಿನದ ಮರುದಿನ ನಾವು ಎರಡೂ ಚೀಟಿ ಹಿಡಿದು ಅವರ ಮಾಮೂಲಿ ಡಾಕ್ಟರ ಬಳಿ ಹೋದೆವು. ಅವರು ಬೈಯಲಿಲ್ಲ. ಪ್ರಕೃತಿ ಚಿಕಿತ್ಸೆಯ ಚೀಟಿಯನ್ನು ಪೂರ್ತಿ ಓದಿದರು, ಅಲ್ಲಿನ ವೈದ್ಯರಿಗೆ ಫೋನು ಮಾಡಿ ಐದು ನಿಮಿಷ ಮಾತಾಡಿದರು. ಗ್ಲಿಮೆಪಿರೈಡ್ ನಿಲ್ಲಿಸಿ, ಮೆಟ್‌ಫಾರ್ಮಿನ್ ಎಂಬ ಇನ್ನೊಂದು ಸಕ್ಕರೆ ಮಾತ್ರೆಯನ್ನು ಮಾತ್ರ ಉಳಿಸಿದರು. ರಸದ ಉಪವಾಸ ಸಾಕು, ಮಧ್ಯಾಹ್ನ ಒಂದು ಸೌಟು ಕುಚಲಕ್ಕಿ ಅನ್ನ, ಎರಡು ಸೌಟು ಬೇಳೆ ಸೇರಿದ ಹುಳಿ, ತಟ್ಟೆಯ ಅರ್ಧ ಪಲ್ಯ ಎಂದರು. ಮಾತ್ರೆಯ ಡಬ್ಬದಿಂದ ಹಳೆಯ ಸ್ಟ್ರಿಪ್ಪುಗಳನ್ನು ತೆಗೆದದ್ದು ನಾನು. ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಡಬ್ಬದ ಮುಚ್ಚಳದ ಒಳಗೆ ಅಂಟಿಸಿದ್ದು ಅವರ ಸೊಸೆ.

ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರ, ಗುರುವಾರದ ಚೌಕದಲ್ಲಿ ಪೆನ್ಸಿಲಿನ ಒಂದು ಸಂಖ್ಯೆ ಇರುತ್ತದೆ. ಮೂರು ತಿಂಗಳಾದ ಮೇಲೆ ಮಾಡಿಸಿದ ಎಚ್‌ಬಿಎ1ಸಿ 6.9 ಬಂದಿತ್ತು, ಮೊದಲು 8.4 ಇತ್ತು. ಮೊನ್ನೆ ಹೋದಾಗ ಗುರುವಾರದ ಚೌಕದಲ್ಲಿ 148 ಎಂದಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ನಿನ್ನೆ ಪೂಜೆ, ಪಾಯಸ" ಎಂದು ಬರೆದಿದ್ದರು.